ಜುಲೈ ಮೂರನೆಯ ವಾರ: ಧಾರವಾಡ ಸೀಮೆಯ ನೆನಪಿನ ದಿನಗಳು

ಹುಬ್ಬಳ್ಳಿ-ಧಾರವಾಡದ ಆಧುನಿಕ ಇತಿಹಾಸದಲ್ಲಿ ಜುಲೈ ತಿಂಗಳ ಮೂರನೆಯ ವಾರಕ್ಕೆ ಬೇರಾವ ವಾರಕ್ಕೂ ಇಲ್ಲದ ತೂಕವಿದೆ. 1890ರ ಜುಲೈ 20ರಂದು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪನೆಯಾಯಿತು. 1980ರ ಜುಲೈ 21ರಂದು ಅಂದಿನ ಧಾರವಾಡ ಜಿಲ್ಲೆಯ ನರಗುಂದ, ನವಲಗುಂದಗಳಲ್ಲಿ ಪೊಲೀಸರ ಗುಂಡಿಗೆ ರೈತರು ಬಲಿಯಾದರು. 2009ರ ಅದೇ ಜುಲೈ 21ರಂದು ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಲ್ಲಿ ನಿಧನರಾದರು. ಸಾಹಿತ್ಯ, ರೈತ ಚಳವಳಿ, ಸಂಗೀತ ಎಂದು ಈ ದಿನಗಳನ್ನು ಬೇರೆ ಬೇರೆ ಚರಿತ್ರೆಗಳು ಹಂಚಿಕೊಂಡಿರುವುದರಿಂದ, ಆಳುವ ರಾಜಧಾನಿಗೆ ಸದಾ ದೂರವಾಗಿದ್ದ ಸೀಮೆಯೊಂದು ತನಗೆ ಬೇಕಾದುದನ್ನು ತಾನೇ ಕಟ್ಟಿಕೊಂಡ ಮತ್ತು ಕೇಳಿ ಪಡೆದ ಬಗೆ ಒಟ್ಟಾಗಿ ಕಣ್ಣಿಗೆ ಬಿದ್ದದ್ದು ಕಡಿಮೆ.

1818ರಲ್ಲಿ ಪೇಶ್ವೆಯರ ಆಳ್ವಿಕೆ ಕೊನೆಗೊಂಡ ಮೇಲೆ ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿತು. ಜನರ ಮಾತು ಕನ್ನಡವಾದರೂ ಕಚೇರಿಯ ಕಾಗದಪತ್ರಗಳಲ್ಲಿಯೂ ಓದಿದವರ ವ್ಯವಹಾರದಲ್ಲಿಯೂ ಮರಾಠಿಯದೇ ಮೇಲುಗೈಯಾಗಿತ್ತು. ಶಿಕ್ಷಣ ಇಲಾಖೆಯ ಅಧಿಕಾರಿಯಾಗಿದ್ದು ಡೆಪ್ಯುಟಿ ಚನ್ನಬಸಪ್ಪ ಎಂದೇ ಹೆಸರಾದವರು ಕನ್ನಡ ಶಾಲೆಗಳನ್ನು ಬೆಳೆಸಿದರು. ಆದರೆ ಆ ಶಾಲೆಗಳಿಂದ ಹೊರಬಂದವರ ಕೈಗೆ ಕೊಡಲು ಹೊಸ ವಿದ್ಯೆಯ ಕನ್ನಡ ಪುಸ್ತಕಗಳು ಸಾಲುತ್ತಿರಲಿಲ್ಲ. ಧಾರವಾಡದ ಸಮೀಪದ ನರೇಂದ್ರ ಗ್ರಾಮದಲ್ಲಿ 1861ರಲ್ಲಿ ಹುಟ್ಟಿದ ರಾ. ಹ. ದೇಶಪಾಂಡೆಯವರು ಮುಂದೆ ನಿಂತು ಕಟ್ಟಿದ ಸಂಘವು ಈ ಕೊರತೆಯನ್ನೇ ಮೊದಲು ಕೈಗೆತ್ತಿಕೊಂಡು, ಗ್ರಂಥಕರ್ತರಿಗೆ ಬಹುಮಾನ ಕೊಟ್ಟು ಪುಸ್ತಕಗಳನ್ನು ಬರೆಯಿಸಿತು ಮತ್ತು 1896ರಲ್ಲಿ ‘ವಾಗ್ಭೂಷಣ’ ಎಂಬ ಪತ್ರಿಕೆಯನ್ನು ಆರಂಭಿಸಿತು. ಮುಂದೆ ಆ ಪತ್ರಿಕೆಯ ಸಂಪಾದಕರಾದ ಆಲೂರು ವೆಂಕಟರಾಯರು ಏಕೀಕರಣದ, ಅಂದರೆ ಹರಿದು ಹಂಚಿಹೋಗಿದ್ದ ಕನ್ನಡ ಪ್ರದೇಶಗಳನ್ನು ಒಂದೇ ಆಡಳಿತಕ್ಕೆ ತರುವ ಪ್ರಯತ್ನದ, ಮೊದಲ ದನಿಗಳಲ್ಲಿ ಒಬ್ಬರಾದರು. 1956ರ ರಾಜ್ಯ ರಚನೆಯ ಬೇರುಗಳನ್ನು ಹುಡುಕುವವರು ಬೆಂಗಳೂರಿಗಿಂತ ಮೊದಲು ಈ ಸಂಘದ ಅಂಗಳಕ್ಕೆ ಬರಬೇಕಾಗುತ್ತದೆ.

ಇಲ್ಲಿನ ಹಿಂದೂಸ್ತಾನಿ ಸಂಗೀತಕ್ಕೂ ಊರಿನಲ್ಲಿ ಅರಮನೆಯ ಆಶ್ರಯವಿರಲಿಲ್ಲ. ಅದನ್ನು ಉಳಿಸಿದವರು ವಾಡೆಗಳ ಮನೆತನದವರು, ನಾಟಕ ಕಂಪನಿಗಳು ಮತ್ತು ಊರಿನ ರಸಿಕರು. ಅಬ್ದುಲ್ ಕರೀಂ ಖಾನರಿಂದ ಬಂದ ಕಿರಾನಾ ಘರಾಣೆಯನ್ನು, ಅಂದರೆ ಸ್ವರದ ವಿಸ್ತಾರಕ್ಕೆ ಹೆಚ್ಚಿನ ಮಹತ್ವ ಕೊಡುವ ಗಾಯನ ಪರಂಪರೆಯನ್ನು, ಸವಾಯಿ ಗಂಧರ್ವರು ಕುಂದಗೋಳದಲ್ಲಿ ಕಲಿಸುತ್ತಿದ್ದರು. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಪಾಠ ಹೇಳಿಸಿಕೊಂಡು ಮರಳುತ್ತಿದ್ದರು. ಹಾಡುವ ಹೆಣ್ಣಿಗೆ ಬೀದಿಯಲ್ಲಿ ಮೂದಲಿಕೆ ತಪ್ಪದಿದ್ದ ಆ ಕಾಲದಲ್ಲಿ ದಿನದಿನದ ಆ ಪ್ರಯಾಣವೇ ದೊಡ್ಡ ದಿಟ್ಟತನವಾಗಿತ್ತು. 2002ರಲ್ಲಿ ಪದ್ಮವಿಭೂಷಣ ಬಂದಾಗಲೂ ಅವರ ವಾಸ ಹುಬ್ಬಳ್ಳಿಯಲ್ಲಿಯೇ ಇತ್ತು.

ಮೂರರಲ್ಲಿ ಅತ್ಯಂತ ಕಠೋರವಾದದ್ದು 1980ರ ಜುಲೈ 21. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭಾ ನದಿಗೆ ಕಟ್ಟಿದ ಅಣೆಕಟ್ಟಿನಿಂದ 1970ರ ದಶಕದಲ್ಲಿ ಕಾಲುವೆಗಳು ಹರಿದಾಗ, ಜೋಳ, ಗೋಧಿ ಬೆಳೆಯುತ್ತಿದ್ದ ಎರೆ ಭೂಮಿಯ, ಅಂದರೆ ತೇವವನ್ನು ಬಹುಕಾಲ ಹಿಡಿದಿಡುವ ಕಪ್ಪು ನೆಲದ, ರೈತರು ಹೈಬ್ರಿಡ್ ಹತ್ತಿಗೆ ತಿರುಗಿ ಬೀಜ, ಗೊಬ್ಬರ, ಔಷಧಿಗಾಗಿ ಸಾಲ ಮಾಡಿದರು. ಹತ್ತಿಯ ಬೆಲೆ ಕುಸಿಯಿತು. ಎಷ್ಟೋ ಹೊಲಗಳಿಗೆ ನೀರು ಸರಿಯಾಗಿ ತಲುಪಲಿಲ್ಲ, ತಲುಪಿದ ಕೆಲವೆಡೆ ನೆಲ ಜವುಳು ಹಿಡಿಯಿತು. ಇಂಥ ಹೊತ್ತಿನಲ್ಲಿ ಸರ್ಕಾರವು ನೀರಿನ ಕರದ ಜೊತೆಗೆ ಅಭಿವೃದ್ಧಿ ಕರವನ್ನೂ ಕೇಳಿತು. ನೀರಾವರಿಯಿಂದ ಜಮೀನಿನ ಬೆಲೆ ಏರುತ್ತದೆ, ಆ ಏರಿಕೆಯಲ್ಲಿ ಒಂದು ಪಾಲನ್ನು ಒಡೆಯನು ಸರ್ಕಾರಕ್ಕೆ ಕೊಡಬೇಕು ಎಂಬುದು ಈ ಕರದ ತರ್ಕ. ನೀರನ್ನೇ ಕಾಣದ ಹೊಲದವನಿಗೆ ಈ ತರ್ಕ ಅನ್ಯಾಯವಾಗಿ ಕಂಡದ್ದು ಸಹಜ. ರೈತರು ಸಮನ್ವಯ ಸಮಿತಿ ಕಟ್ಟಿಕೊಂಡು ತಿಂಗಳುಗಟ್ಟಲೆ ಮನವಿ, ಧರಣಿಗಳ ದಾರಿಯಲ್ಲಿ ನಡೆದರು. ಆ ದಿನ ತಾಲ್ಲೂಕು ಕೇಂದ್ರಗಳಲ್ಲಿ ಸೇರಿದ ಜನಸ್ತೋಮದ ಮೇಲೆ ಗುಂಡು ಹಾರಿ, ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ, ಅಳಗವಾಡಿಯ ಬಸಪ್ಪ ಲಕ್ಕುಂಡಿ ಪ್ರಾಣ ಕಳೆದುಕೊಂಡರು; ರೊಚ್ಚಿಗೆದ್ದ ಗುಂಪಿನ ಕೈಯಲ್ಲಿ ಪೊಲೀಸರೂ ಸತ್ತರೆಂಬುದನ್ನು ಈ ಚರಿತ್ರೆ ಬರೆಯುವವರು ಮರೆಮಾಚಬಾರದು.

ಕಿಡಿ ರಾಜ್ಯದ ತುಂಬ ಹಬ್ಬಿತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ರೂಪುಗೊಂಡಿತು. 1982ರಲ್ಲಿ ಕನ್ನಡಕ್ಕೆ ಶಾಲೆಯಲ್ಲಿ ಪ್ರಥಮ ಸ್ಥಾನ ಕೇಳಿದ ಗೋಕಾಕ ಚಳವಳಿ ಧಾರವಾಡದಲ್ಲಿ ಮೊದಲು ಕಾವೇರಿತು. ಮುಖ್ಯಮಂತ್ರಿ ಗುಂಡೂರಾಯರ ಸರ್ಕಾರ 1983ರ ಚುನಾವಣೆಯಲ್ಲಿ ಸೋತುದಕ್ಕೆ ಈ ಎರಡೂ ಅಸಮಾಧಾನಗಳು ಕಾರಣವಾದವು. 1890ರಲ್ಲಿ ಭಾಷೆಗಾಗಿ ಹೂಡಿದ ಸಂಘಟನೆಯ ದಾರಿಯೂ 1980ರ ಕಾಲುವೆ ರೈತರ ದಾರಿಯೂ ಕೂಡಿಕೊಂಡ ಸಂದರ್ಭವದು.

ಪ್ರತಿ ವರ್ಷ ಜುಲೈ 21ರಂದು ರೈತರು ಹುತಾತ್ಮರ ಸ್ಮಾರಕಗಳ ಬಳಿ ಸೇರುತ್ತಾರೆ. 2015ರ ಜುಲೈ ತಿಂಗಳ ನಡುವಿನಲ್ಲಿ ನರಗುಂದದಲ್ಲಿ ಹೊಸದೊಂದು ಧರಣಿ ಆರಂಭವಾಗಿ ವರ್ಷಗಟ್ಟಲೆ ಮುಂದುವರಿಯಿತು. 1980ರಲ್ಲಿ ನೀರಿನ ಮೇಲಿನ ಕರದ ಪ್ರಶ್ನೆಯಿತ್ತು. ಈಗ ನೀರೇ ಪ್ರಶ್ನೆಯಾಗಿತ್ತು. ಮಲಪ್ರಭಾ ಜಲಾಶಯ ತುಂಬುವ ವರ್ಷಗಳು ವಿರಳವಾದುದರಿಂದ ಮಹದಾಯಿ ಕೊಳ್ಳದ ಕಳಸಾ, ಬಂಡೂರಿ ಹಳ್ಳಗಳ 7.56 ಟಿಎಂಸಿ ನೀರನ್ನು ಅದಕ್ಕೆ ತಿರುಗಿಸಬೇಕೆಂಬುದು ಬೇಡಿಕೆ. 2018ರಲ್ಲಿ ಮಹದಾಯಿ ಜಲವಿವಾದ ನ್ಯಾಯಮಂಡಳಿ ಇದಕ್ಕೆಂದು ಒಪ್ಪಿದ್ದು 3.9 ಟಿಎಂಸಿ. ಆ ನೀರಿಗೆ ಕಾದಿರುವವರು ಹಳ್ಳಿಯ ರೈತರಷ್ಟೇ ಅಲ್ಲ. ಅದೇ ಜಲಾಶಯದಿಂದ ಕುಡಿಯುವ ನೀರು ಪಡೆಯುವ ಹುಬ್ಬಳ್ಳಿ, ಧಾರವಾಡಗಳೂ ಆ ಬೇಡಿಕೆಯೊಳಗೆ ಸೇರಿವೆ.