ಆಗಮ, ಭೋಗ ಮತ್ತು ತಡತಾಳದ ಬಸದಿಯ ಭೂಮಿ

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ರೈತರು ಜಮೀನಿನ ವ್ಯಾಜ್ಯಕ್ಕಾಗಿ ಕೋರ್ಟಿನ ಮೆಟ್ಟಿಲೇರುವಾಗ ಅವರ ಕೈಚೀಲದಲ್ಲಿ ಎರಡು ಬಗೆಯ ಕಾಗದಗಳಿರುತ್ತವೆ. ಭೂಮಿ ತಮಗೆ ಹೇಗೆ ಬಂತೆಂದು ಹೇಳುವ ಕ್ರಯಪತ್ರ, ದಾನಪತ್ರ ಅಥವಾ ವಿಭಾಗಪತ್ರ ಒಂದು. ಈಗ ಯಾರು ಉಳುತ್ತಿದ್ದಾರೆಂದು ಹೇಳುವ ಪಹಣಿ ಮತ್ತೊಂದು. ಹಕ್ಕು ಒಬ್ಬರದಾಗಿ ಸ್ವಾಧೀನ ಇನ್ನೊಬ್ಬರದಾದಾಗ ಹೂಡುವ ದಾವೆಯೇ ಹಕ್ಕಿನ ಆಧಾರದ ಮೇಲೆ ಸ್ವಾಧೀನವನ್ನು ಮರಳಿ ಬೇಡುವ ದಾವೆ.

ಈ ಭೇದವನ್ನು ಬ್ರಿಟಿಷರು ತಂದದ್ದೆಂದು ತಿಳಿಯಬಾರದು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ‘ಮಿತಾಕ್ಷರಾ’ವನ್ನು ರಚಿಸಿದ ವಿಜ್ಞಾನೇಶ್ವರನು ಇವನ್ನು ಆಗಮ ಮತ್ತು ಭೋಗವೆಂದು ಚರ್ಚಿಸಿದ್ದಾನೆ. (ಇಲ್ಲಿ ಆಗಮವೆಂದರೆ ನಮ್ಮ ಜಿನಾಗಮವಲ್ಲ, ಭೂಮಿ ಕೈಗೆ ಬಂದ ಬಗೆ.) ಒಡೆಯನು ನೋಡುತ್ತಿದ್ದೂ ತಡೆಯದಿರಲು ಅನ್ಯನು 20 ವರ್ಷ ಅನುಭವಿಸಿದರೆ ಒಡೆಯನಿಗೆ ಹಾನಿಯೆಂದು ಯಾಜ್ಞವಲ್ಕ್ಯಸ್ಮೃತಿ ವಿಧಿಸುತ್ತದೆ. ವಿಜ್ಞಾನೇಶ್ವರನಾದರೋ ಆ ಹಾನಿ ಭೂಮಿಯದಲ್ಲ, ಅದರ ಫಲದ್ದು ಮಾತ್ರ ಎಂದು ಅರ್ಥೈಸುತ್ತಾನೆ. ನೆನಪಿಗೆ ನಿಲುಕದಷ್ಟು ಹಳೆಯದಾದ, ವಂಶಪಾರಂಪರ್ಯದ ಭೋಗಕ್ಕೆ ಆತನೂ ಮನ್ನಣೆ ನೀಡುತ್ತಾನೆ. ಅಷ್ಟು ಹಿಂದಿನ ಆಗಮಕ್ಕೆ ಸಾಕ್ಷಿಯನ್ನು ಯಾರು ತರಬೇಕು?

ಹಾಗೆ ಹಳೆಯದಾದ ಹಕ್ಕನ್ನು ಒಂದು ಸಭೆ ವಿಚಾರಿಸಿದ ದಾಖಲೆ ನೆರೆಯ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ಸೀಮೆಯಲ್ಲಿದೆ. ಬುಕ್ಕರಾಯನ 1368ರ ಶ್ರವಣಬೆಳಗೊಳದ ಶಾಸನವನ್ನು ಉಲ್ಲೇಖಿಸದ ಪ್ರಬಂಧವಿಲ್ಲ. ಅದಕ್ಕೆ 5 ವರ್ಷ ಮೊದಲಿನ, ಅದೇ ಅರಸನ ಆಳ್ವಿಕೆಯ ಈ 1363ರ ಶಾಸನವನ್ನು ಓದುವವರು ವಿರಳ. ಹೆದ್ದೂರುನಾಡಿನ ತಡತಾಳದ ಪಾರ್ಶ್ವದೇವರ ಬಸದಿಯ ಭೂಮಿಯ ಎಲ್ಲೆಯ ಬಗ್ಗೆ ನಾಡಿನವರಿಗೂ ಬಸದಿಯ ಸೂರಿಗಳಿಗೂ ವಿವಾದವೆದ್ದಿತು. ವಿರೂಪಣ್ಣ ಒಡೆಯರು ಆ ಪ್ರಾಂತ್ಯವನ್ನು ಆಳುತ್ತಿದ್ದರು. ಮಹಾಪ್ರಧಾನ ನಾಗಣ್ಣನೂ ಅರಸುಗಳೂ ಜೈನ ಮಲ್ಲಪ್ಪನೂ ಮೂರು ಪಟ್ಟಣ ಮತ್ತು ಹದಿನೆಂಟು ಕಂಪಣಗಳ ಮುಖ್ಯರನ್ನು ಕರೆಸಿ, ಆರಗದ ಚಾವಡಿಯಲ್ಲಿ ವಿಚಾರಣೆ ನಡೆಸಿದರು. ಪೂರ್ವದಲ್ಲಿ ಯಾವ ಎಲ್ಲೆ ಬಸದಿಗೆ ಸಂದಿತ್ತೋ ಅದೇ ಎಲ್ಲೆಯೆಂದು ನಾಡಿನವರನ್ನು ಒಪ್ಪಿಸಿ ಶಾಸನ ಮಾಡಿಕೊಟ್ಟರು.

ಇದು ಇಂದಿನ ಅರ್ಥದ ಸ್ವಾಧೀನದ ದಾವೆಯಲ್ಲ, ಎಲ್ಲೆಯ ವ್ಯಾಜ್ಯ; ಆದರೆ ಎಲ್ಲೆ ಸರಿದಷ್ಟೂ ಸ್ವಾಧೀನ ಸರಿದಂತೆಯೇ. ನನಗೆ ಮುಖ್ಯವೆನಿಸುವುದು ಸಭೆ ಕೇಳಿದ ಪ್ರಶ್ನೆ. ಈಗ ಯಾರ ನೇಗಿಲು ಓಡುತ್ತಿದೆ ಎಂಬುದಕ್ಕಿಂತ ಮೊದಲು ಯಾರಿಗೆ ಸಂದಿತ್ತು ಎಂಬುದರ ಮೇಲೆ ತೀರ್ಪು ನಿಂತಿತು. ಒಪ್ಪಬೇಕಾದವರು ಎದುರುವಾದಿಗಳಾದ ನಾಡಿನವರೇ. ಅಲ್ಪಸಂಖ್ಯಾತ ಸಮುದಾಯವೊಂದಕ್ಕೆ ಅರಸನ ಕೃಪೆಗಿಂತ ಇಂಥ ಬಹಿರಂಗ ವಿಚಾರಣೆ ದೊಡ್ಡ ರಕ್ಷಣೆಯೆಂದು ನನ್ನ ಭಾವನೆ.

ಈಗಿನ ಕಾನೂನೂ ಈ ದಾರಿಗೆ ತಡವಾಗಿ ಬಂತು. 1908ರ ಕಾಲಮಿತಿ ಕಾಯ್ದೆಯ 142ನೆಯ ಅನುಚ್ಛೇದದಂತೆ, ಸ್ವಾಧೀನ ತಪ್ಪಿದ ವಾದಿಯು ಹಕ್ಕನ್ನಷ್ಟೇ ಅಲ್ಲ, ಹಿಂದಿನ 12 ವರ್ಷಗಳೊಳಗೆ ತಾನು ಸ್ವಾಧೀನದಲ್ಲಿದ್ದುದನ್ನೂ ರುಜುವಾತುಪಡಿಸಬೇಕಿತ್ತು. 1963ರ ಕಾಯ್ದೆಯ 65ನೆಯ ಅನುಚ್ಛೇದವು ಹೊರೆಯನ್ನು ಬದಲಿಸಿತು: ವಾದಿ ಹಕ್ಕನ್ನು ಸಾಧಿಸಿದರೆ ಸಾಕು, 12 ವರ್ಷದ ಪ್ರತಿಕೂಲ ಸ್ವಾಧೀನವನ್ನು ಪ್ರತಿವಾದಿಯೇ ಸಾಧಿಸಬೇಕು. ಸಾಧಿಸಿದನೆಂದರೆ ಒಡೆಯನ ಹಕ್ಕೇ ನಶಿಸುತ್ತದೆ, ಫಲ ಮಾತ್ರವಲ್ಲ. ಇಲ್ಲಿ ವಿಜ್ಞಾನೇಶ್ವರನ ಮಾತು ಸೋತಿದೆ. ಪಹಣಿಯ ನಮೂದನ್ನು ನಿಜವೆಂದು ಭಾವಿಸಲು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೆಯ ಕಲಂ ಅವಕಾಶ ಕೊಡುತ್ತದಾದರೂ ಅದು ಅಲ್ಲಗಳೆಯಬಹುದಾದ ಭಾವನೆ, ಹಕ್ಕುಪತ್ರವಲ್ಲ.

ತರಗತಿಯಲ್ಲಿ ದಾನಶಾಸನ ಓದಿಸುವಾಗ ವಿದ್ಯಾರ್ಥಿಗಳು ಪ್ರಶಸ್ತಿಭಾಗವನ್ನು ಸವಿದು, ನಡುವಣ ಎಲ್ಲೆಗಳನ್ನು ದಾಟಿ, ಶಾಪಾಶಯಕ್ಕೆ ಜಿಗಿಯುತ್ತಾರೆ. ಮೂಡಲ ಹಳ್ಳ, ತೆಂಕಲ ಹುತ್ತ, ಪಡುವಲ ನಟ್ಟ ಕಲ್ಲು ಅವರಿಗೆ ಬೇಸರ. ಅಜ್ಜಂಪುರದ ಕಡೆಯ ವಿದ್ಯಾರ್ಥಿಯೊಬ್ಬ ಮಾತ್ರ ಒಮ್ಮೆ ಅಲ್ಲಿಯೇ ನಿಲ್ಲಿಸಿ, “ಇದು ನಮ್ಮ ಕ್ರಯಪತ್ರದ ಚಕ್ಕುಬಂದಿ ಇದ್ದ ಹಾಗೇ ಇದೆಯಲ್ಲ ಸಾರ್” ಎಂದ. ಅವರ ಮನೆಯ ದಾವೆ ಆಗ ಸಾಕ್ಷ್ಯದ ಹಂತದಲ್ಲಿತ್ತು.