ಮೇಲುಕೋಟೆಯ ದೇವರು, ತಿರುಕುಲದ ಜನ

ಮಂಡ್ಯ ಜಿಲ್ಲೆಯ ಮೇಲುಕೋಟೆಯ ಐತಿಹ್ಯ ನಮ್ಮ ಕಡೆ ಎಲ್ಲರಿಗೂ ಗೊತ್ತು. ಚೋಳರ ನಾಡು ಬಿಟ್ಟು ಬಂದ ರಾಮಾನುಜರು ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲಿ ಇಲ್ಲಿ ಚೆಲುವನಾರಾಯಣನನ್ನು ನೆಲೆಗೊಳಿಸಿದರಂತೆ. ಉತ್ಸವಮೂರ್ತಿ ಮಾತ್ರ ದಿಲ್ಲಿ ಸುಲ್ತಾನನ ಅರಮನೆ ಸೇರಿತ್ತಂತೆ. ಸುಲ್ತಾನನ ಮಗಳು ಅದನ್ನು ಗೊಂಬೆ ಮಾಡಿಕೊಂಡು ಆಡ್ತಿದ್ದಳಂತೆ. ರಾಮಾನುಜರು ಹೋಗಿ ಚೆಲುವಪಿಳ್ಳೆ ಬಾ ಅಂದ ಕೂಡಲೆ ಮೂರ್ತಿ ಗೆಜ್ಜೆ ಸದ್ದು ಮಾಡ್ತಾ ಬಂದು ತೊಡೆಯೇರಿತಂತೆ. ಕರೆದರೆ ಮಗುವಿನ ಹಾಗೆ ಓಡಿಬರುವ ದೇವರು: ಭಕ್ತರು ಈ ಕ್ಷೇತ್ರದಲ್ಲಿ ಕಾಣುವ ಮಹಿಮೆ ಇದೇ. ಹಿಂದೆಯೇ ಬಂದ ಆ ಹುಡುಗಿ ಬೀಬಿ ನಾಚಿಯಾರ್ ಆಗಿ ಇವತ್ತಿಗೂ ಪೂಜೆಗೊಳ್ತಾಳೆ.

ಇದು ಅರ್ಧ ಕತೆ. ದಾರಿಯುದ್ದಕ್ಕೂ ಕಾಪಾಡಿ ಮೂರ್ತಿಯನ್ನು ಊರು ಮುಟ್ಟಿಸಲು ನೆರವಾದವರು ಹೊಲಗೇರಿಯ ಜನ ಅನ್ನೋದು ಇನ್ನರ್ಧ. ರಾಮಾನುಜರು ಅವರನ್ನು 'ತಿರುಕುಲ', ಅಂದರೆ ಪವಿತ್ರ ಕುಲ, ಎಂದು ಕರೆದು ವರ್ಷಕ್ಕೆ 3 ದಿನ ಗುಡಿಯೊಳಗೆ ಬರುವ ಹಕ್ಕು ಕೊಟ್ಟರಂತೆ.

ಇಸವಿಗಳನ್ನು ನೋಡೋಣ. ರಾಮಾನುಜರು ತೀರಿಕೊಂಡದ್ದು 1137ರಲ್ಲಿ ಎಂಬುದು ಸಂಪ್ರದಾಯದ ಮಾತು. ದಿಲ್ಲಿಯಲ್ಲಿ ಸುಲ್ತಾನರ ಆಳ್ವಿಕೆ ಶುರುವಾದದ್ದು 1206ರಲ್ಲಿ. ಮಲಿಕ್ ಕಾಫೂರ್ ದ್ವಾರಸಮುದ್ರದ ಮೇಲೆ ಬಂದದ್ದು 1311ರಲ್ಲಿ. ಕತೆ ಹೇಳಿದ ಹಾಗೇ ನಡೆದಿರಲಾರದು. ಆದರೆ ಕತೆ ಕಟ್ಟಿದ್ದಾದರೂ ಅದರೊಳಗಿನ ಋಣ ಕಟ್ಟಿದ್ದಲ್ಲ. ಅಸ್ಪೃಶ್ಯರ ದುಡಿಮೆ ಇಲ್ಲದೆ ಗುಡಿ ಇಲ್ಲ ಅನ್ನೋದನ್ನ ಗುಡಿಯ ಐತಿಹ್ಯವೇ ಒಪ್ಪಿಕೊಂಡಿದೆ.

ಕೊಟ್ಟ 3 ದಿನವಾದರೂ ಉಳಿಯಿತೆ? ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ಗ್ರಂಥ ಹೇಳುವಂತೆ, 1799ರಲ್ಲಿ ದಿವಾನರು ಮೇಲುಕೋಟೆಗೆ ಬಂದಾಗ ಈ ಜನರನ್ನು ಧ್ವಜಸ್ತಂಭದ ಬಳಿಯೇ ನಿಲ್ಲಿಸಲಾಯಿತು. ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸತ್ತ ವರ್ಷ ಅದು. ಆಮೇಲೆ ಅವರಿಗೆ ದೇವರು ಕಂಡದ್ದು ಆ ಕಂಬದಿಂದಲೇ. ಬೀಬಿ ನಾಚಿಯಾರಳಿಗೆ ಒಳಗೆ ಜಾಗವಿತ್ತು, ಯಾಕಂದ್ರೆ ಆಕೆ ಮೂರ್ತಿಯಾಗಿದ್ದಳು. ಜೀವ ಇದ್ದವರಿಗೆ ಕಂಬವೇ ಗಡಿ. ತೇರೆಳೆಯಲು ಮಾತ್ರ ಅವರ ರಟ್ಟೆ ಬೇಕಿತ್ತು. ಅದಕ್ಕೆ ಸಿಗ್ತಿದ್ದದ್ದು ರಾಗಿ, ಒಂದಿಷ್ಟು ಬೆಲ್ಲ.

ಸೇವೆಗೆ ಮೆಚ್ಚಿ ಕೊಟ್ಟದ್ದನ್ನು ಮೆಚ್ಚುಗೆ ತೀರಿದ ದಿನ ಕಿತ್ತುಕೊಳ್ಳಬಹುದು. ಅದಕ್ಕೇ 1950ರ ಸಂವಿಧಾನದ 17ನೇ ವಿಧಿ ಯಾರ ಸೇವೆಯನ್ನೂ ಕೇಳಲಿಲ್ಲ. ಅಸ್ಪೃಶ್ಯತೆಯನ್ನೇ ರದ್ದು ಮಾಡಿತು. ಅಲ್ಲಿರುವುದು ಬಹುಮಾನವಲ್ಲ, ಹಕ್ಕು.

ಮೇಷ್ಟ್ರುಗಳೇ, ವೈರಮುಡಿ ಜಾತ್ರೆಯ ಕತೆಯನ್ನು ಮಕ್ಕಳಿಗೆ ಹೇಳುವಾಗ ತಿರುಕುಲದ ಕತೆಯನ್ನೂ ಹೇಳಿ. 1799ರಲ್ಲಿ ಏನಾಯಿತು ಅನ್ನೋದನ್ನೂ ಹೇಳಿ. ಕರೆದರೆ ಓಡಿಬರುವ ದೇವರಿಗೂ ಅವನನ್ನು ಕರೆತಂದವರಿಗೂ ನಡುವೆ ಆ ಕಂಬವನ್ನು ಗಡಿ ಮಾಡಿದವರು ಯಾರು ಅಂತ ಮಕ್ಕಳೇ ಕೇಳಲಿ.