ಕಣ್ಣಿಗೆ ಕನ್ನಡ, ಕಿವಿಗೆ ಗೊಂದಲ

2000ದ ಆಸುಪಾಸಿನ ಕಂಪ್ಯೂಟರ್ ಪರದೆಗಳ ಮೇಲೆ ‘ಕನ್ನಡ’ ಎಂಬ ಪದ ಮುದ್ದಾಗಿಯೇ ಮೂಡುತ್ತಿತ್ತು. ಆದರೆ ಕಡತದ ಒಳಗೆ ಕನ್ನಡವೇ ಇರುತ್ತಿರಲಿಲ್ಲ. ನುಡಿಯಂಥ ಫಾಂಟುಗಳಲ್ಲಿ ಆ ಪದದ ಅಡಿ ಕೂತಿದ್ದದ್ದು ದೊಡ್ಡ ಪಿ, ಬ್ರಿಟಿಷ್ ಪೌಂಡಿನ ಚಿಹ್ನೆ, ಸಣ್ಣ ಕ್ಯೂ ಮತ್ತು ತಲೆಯ ಮೇಲೆ ಗೆರೆ ಹೊತ್ತ ರೋಮನ್ ಅಕ್ಷರಗಳು. ಫಾಂಟು ಅವಕ್ಕೆ ಕನ್ನಡದ ವೇಷ ತೊಡಿಸುತ್ತಿತ್ತು. ಕಣ್ಣಿದ್ದವರಿಗೆ ವೇಷವೇ ಸಾಕಾಗಿತ್ತು. ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶಕ್ಕೆ ಮಾತ್ರ ವೇಷ ಕಾಣುವುದಿಲ್ಲ. ಅದು ಒಳಗಿನ ಸಂಕೇತವನ್ನು ಓದುತ್ತದೆ. ಹೀಗಾಗಿ ಅಂಧ ವಿದ್ಯಾರ್ಥಿಯ ಪಾಲಿಗೆ ಇಡೀ ಪಾಠ ಅರ್ಥವಿಲ್ಲದ ಗೊಣಗಾಟವಾಗಿಬಿಡುತ್ತಿತ್ತು.

ಈ ತಪ್ಪಿಗೆ ಎರಡು ಶತಮಾನಗಳ ಇತಿಹಾಸವಿದೆ. ಪ್ಯಾರಿಸ್ಸಿನಲ್ಲಿ 1780ರ ದಶಕದಲ್ಲಿ ಅಂಧ ಮಕ್ಕಳ ಶಾಲೆ ತೆರೆದ ವ್ಯಾಲೆಂಟಿನ್ ಹಾಯಿ, ಕಣ್ಣಿದ್ದವರು ಓದುವ ರೋಮನ್ ಅಕ್ಷರಗಳನ್ನೇ ದಪ್ಪ ಕಾಗದದ ಮೇಲೆ ಉಬ್ಬಿಸಿ ಅಚ್ಚು ಹಾಕಿಸಿದ. ಪುಸ್ತಕಗಳು ಭಾರವಾದವು, ಓದು ನಿಧಾನವಾಯಿತು, ಮಕ್ಕಳು ಆ ಲಿಪಿಯಲ್ಲಿ ತಾವಾಗಿ ಬರೆಯುವಂತೆಯೂ ಇರಲಿಲ್ಲ. ಕಣ್ಣಿಗೆ ಹೊಂದುವ ಆಕಾರವನ್ನು ಬೆರಳಿಗೆ ಹೊರಿಸಿದ್ದರ ಫಲ ಅದು. ಅದೇ ಶಾಲೆಯ ವಿದ್ಯಾರ್ಥಿ ಲೂಯಿ ಬ್ರೈಲ್ ಆಕಾರದ ಹಂಗನ್ನೇ ಬಿಟ್ಟ. ಬೆರಳ ತುದಿಗೆ ಒಂದೇ ಸಲಕ್ಕೆ ನಿಲುಕುವ ಆರು ಚುಕ್ಕೆಗಳನ್ನು ಆರಿಸಿಕೊಂಡು, 1829ರಲ್ಲಿ ತನ್ನ ಪದ್ಧತಿಯನ್ನು ಪ್ರಕಟಿಸಿದ. ಫ್ರಾನ್ಸ್ ಅದನ್ನು ಅಧಿಕೃತವಾಗಿ ಒಪ್ಪಿಕೊಂಡಿದ್ದು 1854ರಲ್ಲಿ. ಅಷ್ಟರಲ್ಲಿ ಬ್ರೈಲ್ ತೀರಿಕೊಂಡು ಎರಡು ವರ್ಷವಾಗಿತ್ತು.

ಭಾರತಕ್ಕೆ ಬಂದ ಬ್ರೈಲ್ ಹಲವು ದಾರಿ ಹಿಡಿಯಿತು. ಬೇರೆ ಬೇರೆ ಶಾಲೆಗಳು ಬೇರೆ ಬೇರೆ ಸಂಕೇತಗಳನ್ನು ಬಳಸುತ್ತಿದ್ದವು. 1951ರಲ್ಲಿ ಒಪ್ಪಿತವಾದ ಭಾರತಿ ಬ್ರೈಲ್ ಈ ಗೊಂದಲಕ್ಕೆ ಪರಿಹಾರ ಕೊಟ್ಟಿತು. ಅದರ ಸೂತ್ರ ಸರಳ: ಲಿಪಿ ಯಾವುದೇ ಇರಲಿ, ಉಚ್ಚಾರ ಒಂದೇ ಆದರೆ ಚುಕ್ಕೆಯೂ ಒಂದೇ. ಕನ್ನಡದ ‘ಕ’, ಹಿಂದಿಯ ‘ಕ’, ತಮಿಳಿನ ‘ಕ’ ಮೂರಕ್ಕೂ ಚುಕ್ಕೆಗಳು ಅವೇ. ಮುಂಬೈಯಲ್ಲೋ ಚೆನ್ನೈಯಲ್ಲೋ ಬೆಳೆಯುವ ಕನ್ನಡದ ಅಂಧ ಮಗುವಿಗೆ, ಅಕ್ಷರದ ಮಟ್ಟಿಗೆ, ಮನೆಯ ಭಾಷೆಗೂ ಊರಿನ ಭಾಷೆಗೂ ನಡುವೆ ಹೊಸ ಲಿಪಿಯ ಗೋಡೆಯಿಲ್ಲ. ಕಣ್ಣಿದ್ದ ಮಗುವಿಗೆ ಸಿಗದ ಸೌಲಭ್ಯ ಇದು.

ಕಂಪ್ಯೂಟರಿನಲ್ಲಿ ಇದೇ ಸೂತ್ರವನ್ನು ಹಿಡಿದದ್ದು ಇಸ್ಕಿ ಎಂಬ ಭಾರತೀಯ ಸಂಕೇತ. ಅಲ್ಲೂ ಸಮಾನ ಅಕ್ಷರಗಳಿಗೆ ಸಮಾನ ಸ್ಥಾನ. ಅದರ ಜೋಡಣೆಯನ್ನೇ ಆಧರಿಸಿ, 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಜಾಗ ಸಿಕ್ಕಿತು. ಆದರೂ ಅಚ್ಚಿನ ಜಗತ್ತು ವರ್ಷಗಟ್ಟಲೆ ಹಳೆಯ ಫಾಂಟುಗಳಲ್ಲೇ ಉಳಿಯಿತು. ಕಾಗದದ ಮೇಲೆ ಎರಡರ ನಡುವೆ ವ್ಯತ್ಯಾಸ ಕಾಣದಿದ್ದಾಗ ಬದಲಾಗುವ ಅವಸರ ಯಾರಿಗೂ ಇರಲಿಲ್ಲ.

ಒಳಗಿನ ರಚನೆಗೆ ಎಷ್ಟು ಬೆಲೆಯಿದೆ ಎಂಬುದನ್ನು ತೋರಿಸಿಕೊಟ್ಟವರಲ್ಲಿ ಒಬ್ಬರು ಪುಣೆಯಲ್ಲಿ ಬೆಳೆದ ಟಿ. ವಿ. ರಾಮನ್. ಹದಿನಾಲ್ಕನೆಯ ವಯಸ್ಸಿಗೆ ಪೂರ್ತಿ ದೃಷ್ಟಿ ಕಳೆದುಕೊಂಡ ಅವರು ಗಣಿತ ಓದಿ, ಮುಂಬೈಯ ಐಐಟಿ ದಾಟಿ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ ಸೇರಿದರು. 1994ರ ಅವರ ಪಿಎಚ್‌ಡಿ ಪ್ರಬಂಧದ ವಿಷಯ, ಗಣಿತವನ್ನು ಕಿವಿಗೆ ಕೇಳಿಸುವುದು. ‘ಎ ಕೂಡಿಸು ಬಿ, ಭಾಗಿಸು ಸಿ’ ಎಂದು ಓದಿದರೆ ಸಿ ಭಾಗಿಸುವುದು ಬಿಯನ್ನಷ್ಟೆಯೋ ಇಡೀ ಮೊತ್ತವನ್ನೋ ತಿಳಿಯದು. ಕಾಗದದ ಮೇಲೆ ಒಂದು ಅಡ್ಡಗೆರೆ ಅದನ್ನು ಹೇಳಿಬಿಡುತ್ತದೆ. ರಾಮನ್ ಅಚ್ಚಾದ ಪುಟವನ್ನು ಬಿಟ್ಟು ಲೇಟೆಕ್ ಮೂಲ ಕಡತವನ್ನು ಹಿಡಿದರು. ಅಂಶ ಯಾವುದು, ಛೇದ ಯಾವುದು ಎಂಬುದು ಅಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ. ಘಾತ ಬಂದಾಗ ದನಿಯ ಸ್ಥಾಯಿ ಏರುವಂತೆ ಮಾಡಿದರು. ಆ ತಂತ್ರಾಂಶಕ್ಕೆ ಇಟ್ಟ ಹೆಸರು ಆಸ್ಟರ್. ಅವರ ಮಾರ್ಗದರ್ಶಿ ನಾಯಿಯ ಹೆಸರೂ ಅದೇ.

ಆಮೇಲೆ ನಿಯಮಗಳು ಬಂದವು. 1999ರಲ್ಲಿ ಜಾಲತಾಣಗಳ ಸುಲಭ ಬಳಕೆಗೆ ಅಂತರರಾಷ್ಟ್ರೀಯ ಮಾರ್ಗಸೂಚಿ ಪ್ರಕಟವಾಯಿತು. ಚಿತ್ರಕ್ಕೂ ಧ್ವನಿಗೂ ಸಮಾನವಾದ ಪರ್ಯಾಯ ಕೊಡಿ ಎಂಬುದು ಅದರ ಮೊದಲ ಸೂಚನೆ. 2006ರಲ್ಲಿ ಆಸ್ಟ್ರೇಲಿಯಾದ ಅಂಧ ಯುವಕ ಮೈಕೆಲ್ ಕರನ್ ಉಚಿತ ಸ್ಕ್ರೀನ್ ರೀಡರ್ ಎನ್‌ವಿಡಿಎ ಆರಂಭಿಸಿದ. ಅದರೊಂದಿಗೆ ಬರುವ ಇ-ಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ, ಆದರೆ ಯೂನಿಕೋಡ್ ಕನ್ನಡವನ್ನು. ಇನ್ನುಳಿದದ್ದು ಕಾನೂನಿನ ತೊಡಕು. 2012ರ ತಿದ್ದುಪಡಿ ಭಾರತದ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅಂಗವಿಕಲರಿಗಾಗಿ ಪುಸ್ತಕವನ್ನು ಬೇರೆ ರೂಪಕ್ಕೆ ತರಲು ದಾರಿ ಮಾಡಿತು. 2013ರ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶವೂ ಭಾರತವೇ.

ಕಿವುಡ ಮಕ್ಕಳ ಸರದಿ ಇನ್ನೂ ತಡವಾಗಿ ಬಂತು. ವೀಡಿಯೊ ಪಾಠದ ಕೆಳಗೆ ಅಕ್ಷರ ಓಡಿಸಿದರೆ ಮುಗಿಯಿತು ಎಂದುಕೊಳ್ಳುವುದು ಸುಲಭ. ಆದರೆ ಸಂಜ್ಞಾ ಭಾಷೆಯಲ್ಲಿ ಬೆಳೆದ ಮಗುವಿಗೆ ಆ ಅಕ್ಷರಗಳು ಎರಡನೆಯ ಭಾಷೆ. ಸಂಜ್ಞಾ ಭಾಷೆಯ ರಾಷ್ಟ್ರೀಯ ಕೇಂದ್ರ ದೆಹಲಿಯಲ್ಲಿ ಸ್ಥಾಪನೆಯಾದದ್ದು 2015ರಲ್ಲಿ. ಶಾಲಾ ಪಠ್ಯಗಳನ್ನು ಸಂಜ್ಞೆಗೆ ತರಲು ಅದು ಎನ್‌ಸಿಇಆರ್‌ಟಿ ಜೊತೆ ಒಪ್ಪಂದ ಮಾಡಿಕೊಂಡದ್ದು 2020ರಲ್ಲಿ, ಶಾಲೆಗಳು ಮುಚ್ಚಿ ಪಾಠಗಳೆಲ್ಲ ಪರದೆಗೆ ಬಂದಿದ್ದ ವರ್ಷ.

ಕಾಯ್ದೆ, ತಂತ್ರಾಂಶ, ಸಂಕೇತ ಮೂರೂ ಈಗ ಇವೆ. ಆದರೂ ಪುಟದ ಫೋಟೊ ತೆಗೆದು ಪಿಡಿಎಫ್ ಮಾಡಿ ವಾಟ್ಸಾಪಿನಲ್ಲಿ ಹಂಚಿದ ಟಿಪ್ಪಣಿಯ ಮುಂದೆ ಸ್ಕ್ರೀನ್ ರೀಡರ್ ಬಾಯಿ ಬಿಡುವುದಿಲ್ಲ. ಹಳೆಯ ಫಾಂಟಿನ ಕಡತ ಸಿಕ್ಕರೆ ಇಂದಿಗೂ ಅದೇ ಗೊಣಗಾಟ. ಫೋಟೊದ ಬದಲು ಯೂನಿಕೋಡಿನಲ್ಲಿ ಟೈಪು ಮಾಡಿದ ಕಡತವನ್ನೇ ಕಳಿಸಿದರೆ, ಪರೀಕ್ಷೆಯ ಹಿಂದಿನ ರಾತ್ರಿ ಆ ವಿದ್ಯಾರ್ಥಿ ಓದಿ ಹೇಳುವವರಿಗಾಗಿ ಕಾಯಬೇಕಾಗಿಲ್ಲ.